ಅಪ್ಪಣೆ ಕೇಳಿ ಕಾಲಿಡುವ ನಾಡು

“ಗುರುಗಳೇ, ಇನ್ನೂ ಏನೂ ಕೈಗೆ ಬಾರದವನು ಯಾರಿಗೆ ಋಣಿಯಾಗಿರಬೇಕು?”

ಹೀಗೆ ಕೇಳಿದವನು ಕೊಟ್ರೇಶ. ಆಟಗಳನ್ನು ತಯಾರಿಸುವ ಒಂದು ಕಂಪನಿಯವರು, ಎಲ್ಲೂ ಇಲ್ಲದ ಒಂದು ನಾಡನ್ನು ಕಲ್ಪಿಸಿ ಬರೆದು ಕಳಿಸಿ, ಗೆದ್ದ ನಾಡಿನಲ್ಲಿ ನಮ್ಮ ಹೊಸ ಆಟ ನಡೆಯುತ್ತದೆ ಎಂದು ಸ್ಪರ್ಧೆ ಕರೆದಿದ್ದರು. ಕೊಟ್ರೇಶ ತನ್ನ ನಾಡನ್ನು ಬರೆದು ಕಳಿಸಿದ್ದ. ಗುರುಗಳ ಬಳಿ ಅವನ ಜೊತೆ ಬರೆಯಲು ಕಲಿಯುತ್ತಿದ್ದ ಇಬ್ಬರು ಗೆಳೆಯರೂ ಕಳಿಸಿದ್ದರು. ಫಲಿತಾಂಶ ಇವತ್ತು ಬಂದೀತು, ನಾಳೆ ಬಂದೀತು ಎಂದು ಅವನು ಊಟಕ್ಕೆ ಕೂತಾಗಲೂ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ಅದನ್ನು ನೋಡಿ ಗುರುಗಳು, “ಕಾಯುವುದೂ ಒಂದು ಭಾಗ್ಯ ಕಣಯ್ಯ, ಋಣ ಮರೆಯಬೇಡ” ಎಂದಿದ್ದರು. ಆ ಮಾತು ಅವನಿಗೆ ಹಿಡಿಸಿರಲಿಲ್ಲ.

ಗುರುಗಳು ಕೇಳಿದರು, “ನಿನ್ನ ಗೆಳೆಯರು ಬರೆದದ್ದನ್ನು ಓದಿದೆಯಾ?”

“ಇಲ್ಲ. ಈಗ ಓದಿ, ಅದು ನನ್ನದಕ್ಕಿಂತ ಚೆನ್ನಾಗಿದ್ದರೆ ನಿದ್ದೆ ಬರುವುದಿಲ್ಲ. ಫಲಿತಾಂಶ ಬಂದ ಮೇಲೆ ನೋಡುತ್ತೇನೆ.”

“ನಿನ್ನದನ್ನು ಅವರು ಓದಿದರೇ?”

“ಕೊಟ್ಟಿಲ್ಲ.”

“ಭೇಷ್,” ಎಂದು ಗುರುಗಳು ನಕ್ಕರು. “ಹಾಗಾದರೆ ಒಂದು ಕತೆ ಕೇಳು.”

ಒಂದು ರಾಜ್ಯವಿತ್ತು. ಅಲ್ಲಿನ ಜನಕ್ಕೆ ಆಟವೆಂದರೆ ಪ್ರಾಣ. ಬಟ್ಟೆಯ ಮೇಲೆ ಒಂದು ನಾಡನ್ನು ಬಿಡಿಸಿ, ಅದರ ಕಾಡು, ಹೊಳೆ, ಊರುಗಳ ನಡುವೆ ಕವಡೆ ಹಾಕಿ ಕಾಯಿ ನಡೆಸುತ್ತಿದ್ದರು. ಅವರಲ್ಲೊಂದು ಪದ್ಧತಿ. ಮೊದಲ ಗರ ಹಾಕುವ ಮುಂಚೆ ಕವಡೆಯನ್ನು ಎದೆಗೆ ಮುಟ್ಟಿಸಿಕೊಂಡು, ಆ ನಾಡನ್ನು ಕಟ್ಟಿದವರ ಹೆಸರು ಹೇಳಿ, “ಇಂಥವರ ನಾಡಿಗೆ ಕಾಲಿಡುತ್ತೇನೆ, ಅಪ್ಪಣೆಯಾಗಲಿ” ಎನ್ನಬೇಕು. ಕಟ್ಟಿದವರು ಎದುರಿಗಿದ್ದರೆ “ಬನ್ನಿ” ಎನ್ನಬೇಕು. ಪರರ ಮನೆಗೆ ಹೇಳದೆ ಕೇಳದೆ ನುಗ್ಗುತ್ತೇವೆಯೇ? ಇದೂ ಹಾಗೆ. ಕಟ್ಟಿದವರು ಸತ್ತು ಎಷ್ಟೋ ಕಾಲವಾಗಿದ್ದರೂ ಅವರ ಹೆಸರು ಆಟದ ಜೊತೆ ಮನೆಮನೆಯಲ್ಲಿ ಉಳಿಯುತ್ತಿತ್ತು.

ಆ ರಾಜ್ಯದ ರಾಣಿಗೆ ಹಳೆಯ ನಾಡುಗಳಲ್ಲಿ ಓಡಾಡಿ ಬೇಸರ ಬಂತು. ಹೊಸದೊಂದು ನಾಡು ಕಟ್ಟಿ ತನ್ನಿ, ಚೆನ್ನಾಗಿದ್ದುದನ್ನು ಆರಿಸಿ ಊರೂರಿಗೂ ಕಳಿಸುತ್ತೇನೆ ಎಂದು ಡಂಗುರ ಹೊಡೆಸಿದಳು.

ಬೊಪ್ಪಣ್ಣನೆಂಬ ಒಬ್ಬ ಬಣ್ಣಗಾರ ಅದನ್ನು ಕೇಳಿಸಿಕೊಂಡ. ಅವನು ಬಣ್ಣ ಹಾಕಿದ ಸೀರೆ ಉಟ್ಟವರಿಗೆ ನೇಯ್ದವರ ಹೆಸರು ಗೊತ್ತಿತ್ತು, ಮಾರಿದವರ ಹೆಸರು ಗೊತ್ತಿತ್ತು. ಇವನ ಹೆಸರು ಗೊತ್ತಿರಲಿಲ್ಲ. ಯಾರಾದರೂ ಒಂದು ಸಲ ತನ್ನ ಹೆಸರು ಹಿಡಿದು ಅಪ್ಪಣೆ ಕೇಳಬೇಕು, ಅದನ್ನು ತಾನು ಕಿವಿಯಾರೆ ಕೇಳಬೇಕು. ಅವನಿಗಿದ್ದುದು ಅದೊಂದೇ ಆಸೆ.

ಅವನು ಒಂದು ನಾಡು ಕಟ್ಟಿದ. ಅದರ ನಡುವೆ ಒಂದು ದೊಡ್ಡ ಹೊಳೆ. ಅಲ್ಲಿನ ಅಂಬಿಗ ಏನೂ ತೆಗೆದುಕೊಳ್ಳದೆ ಎಲ್ಲರನ್ನೂ ದಾಟಿಸುತ್ತಾನೆ. ಆದರೆ ದಾಟಿದವರು ಹಿಂದಿರುಗಿ ನೋಡಿ ಅವನಿಗೊಂದು ಒಳ್ಳೆಯ ಮಾತು ಹೇಳಬೇಕು. ಹೇಳದಿದ್ದರೆ ಮುಂದಿನ ಗರ ಲೆಕ್ಕಕ್ಕಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರನ್ನು ಕಂಡು ಕಂಡು ಸಾಕಾಗಿ ಬೊಪ್ಪಣ್ಣ ಆ ನಿಯಮವನ್ನು ಬಟ್ಟೆಯ ಮೇಲೆ ಹೊಳೆಯ ಪಕ್ಕದಲ್ಲೇ ಬರೆದಿಟ್ಟಿದ್ದ.

ಅರಮನೆಯವರು ಬಂದ ಬಟ್ಟೆಗಳನ್ನೆಲ್ಲ ಒಳಗಿಟ್ಟು ಬಾಗಿಲು ಹಾಕಿಕೊಂಡರು. ತಂದವರು ಕಾಯಬೇಕಾಯಿತು. ಬೊಪ್ಪಣ್ಣ ತಂಗಿದ ಛತ್ರದಲ್ಲಿ ಇನ್ನಿಬ್ಬರಿದ್ದರು: ಒಬ್ಬ ಉಪ್ಪಿನ ವ್ಯಾಪಾರಿ, ಒಬ್ಬ ಜೋಯಿಸ. ಜೋಯಿಸ ದಿನಾ ಬೆಳಿಗ್ಗೆ ತನ್ನ ಜಾತಕ ತಾನೇ ನೋಡಿಕೊಂಡು, ತಾನು ಗೆಲ್ಲುವ ಯೋಗ ನಾಳೆ ಇದೆ ಎನ್ನುತ್ತಿದ್ದ. ಆ ನಾಳೆ ಬರುತ್ತಲೇ ಇರಲಿಲ್ಲ.

ಮೂವರೂ ತಮ್ಮ ನಾಡಿನ ಇನ್ನೊಂದು ಪ್ರತಿಯನ್ನು ಗಂಟಿನಲ್ಲಿ ಇಟ್ಟುಕೊಂಡಿದ್ದರು. ಒಬ್ಬನಿಗೆ ಒಬ್ಬ ಬೆನ್ನು ತಿರುಗಿಸಿ ಕೂತು ಅದನ್ನೇ ತಿದ್ದುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರನ್ನು ನೋಡಿ ಲೋಕ ನಗುತ್ತದೆ. ಇವರದು ಇನ್ನೂ ಚೆಂದ. ಮಗಳನ್ನು ಗಂಡನ ಮನೆಗೆ ಕಳಿಸಿ, ಇಲ್ಲಿ ಕೂತು ಅವಳ ಮೂಗು ತಿದ್ದುತ್ತಿದ್ದರು! ಬೊಪ್ಪಣ್ಣನಿಗೆ ಒಂದು ದಿನ, ಅಂಬಿಗನಿಗೆ ಮಾತು ಹೇಳುವ ನಿಯಮ ಹುಡುಗಾಟದಂತಿದೆ, ದೊಡ್ಡವರು ನಕ್ಕಾರು ಎನ್ನಿಸಿತು. ಪ್ರತಿಯಲ್ಲಿ ಅದರ ಮೇಲೆ ನೀಲಿ ಬಳಿದು ಅಳಿಸಿಬಿಟ್ಟ. ಅಳಿಸಿದ ಮೇಲೆ ನೆನಪಾಯಿತು, ಅರಮನೆಯೊಳಗಿನ ಬಟ್ಟೆಯಲ್ಲಿ ಅದು ಹಾಗೆಯೇ ಇದೆ. ಅವನ ಜೀವ ಬಾಯಿಗೆ ಬಂತು. ಅನ್ನ ಸೇರಲಿಲ್ಲ.

ಆ ಛತ್ರಕ್ಕೆ ಯಾತ್ರೆಗೆ ಹೊರಟ ಒಬ್ಬ ಮುದುಕಿ ಬಂದಳು. ಒಣಗಲು ಹರವಿದ್ದ ಬೊಪ್ಪಣ್ಣನ ಬಟ್ಟೆಯನ್ನು ನೋಡಿದಳು.

“ಏನಪ್ಪಾ, ಇದು ಆಟದ ಬಟ್ಟೆ ಅಲ್ವಾ? ಕವಡೆ ಎಲ್ಲಿ?”

ಮೂವರೂ ಮುಖ ಮುಖ ನೋಡಿಕೊಂಡರು. ಆಟ ಕಟ್ಟಿ ತಂದವರು. ಒಬ್ಬರ ಗಂಟಿನಲ್ಲೂ ಕವಡೆ ಇರಲಿಲ್ಲ. ತಾವು ಕಟ್ಟಿದ ನಾಡಿನಲ್ಲಿ ಒಬ್ಬರೂ ಒಂದು ದಿನ ಆಡಿ ನೋಡಿರಲಿಲ್ಲ.

ಮುದುಕಿ ಬಿಡಲಿಲ್ಲ. ತನ್ನ ಬುತ್ತಿಯ ಹುಣಸೆಹಣ್ಣಿನಿಂದ ಬೀಜ ತೆಗೆದು, ಒಂದು ಮಗ್ಗುಲನ್ನು ಮೆಟ್ಟಿಲಿನ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದಳು. ಒಂದು ಬಳೆಚೂರನ್ನು ಕಾಯಿ ಮಾಡಿಕೊಂಡಳು. ಬೀಜಗಳನ್ನು ಎದೆಗೆ ಮುಟ್ಟಿಸಿಕೊಂಡು ಕೇಳಿದಳು:

“ಯಾರು ಕಟ್ಟಿದ ನಾಡಪ್ಪಾ ಇದು?”

“ನಾನೇ ತಾಯಿ. ಬೊಪ್ಪಣ್ಣ ಅಂತ.”

“ಬೊಪ್ಪಣ್ಣನ ನಾಡಿಗೆ ಕಾಲಿಡ್ತೀನಿ, ಅಪ್ಪಣೆ ಆಗ್ಲಿ.”

ಜನ್ಮವಿಡೀ ಕಾದಿದ್ದ ಮಾತು ಇಷ್ಟು ಸಲೀಸಾಗಿ ಬಂದುಬಿಡುತ್ತದೆ ಎಂದು ಅವನು ನೆನೆಸಿರಲಿಲ್ಲ. “ಬನ್ನಿ” ಎನ್ನುವುದನ್ನೇ ಮರೆತ.

“ಬಾ ಅನ್ನಪ್ಪಾ, ಬೀಜ ಕೈಯಲ್ಲೇ ಬೆವರ್ತಾ ಇದಾವೆ,” ಎಂದಳು ಮುದುಕಿ.

“ಬನ್ನಿ ತಾಯಿ,” ಎಂದ ಬೊಪ್ಪಣ್ಣ.

ಮುದುಕಿ ಕಾಡು ಹಾದಳು, ಹೊಳೆಗೆ ಬಂದಳು, ದಾಟಿದಳು. ದಾಟಿದವಳು ಬಳೆಚೂರನ್ನು ಹಿಂದಕ್ಕೆ ತಿರುಗಿಸಿ, “ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ” ಎಂದಳು.

ಬೊಪ್ಪಣ್ಣ ಬೆಚ್ಚಿದ. “ಯಾರಿಗೆ ಹೇಳಿದಿರಿ? ಅಲ್ಲಿ ಹಾಗಂತ ನಿಯಮ ಇಲ್ಲವಲ್ಲ.”

“ದಾಟಿಸಿದವನಿಗೆ ಕಣಪ್ಪಾ. ಒಂದು ಮಾತು ಹೇಳ್ದೆ ಹೆಂಗೆ ಹೋಗೋದು?”

ಅಳಿಸಿದ್ದು ಎಷ್ಟು ತಪ್ಪು ಎಂದು ಅವನಿಗೆ ಆಗ ತಿಳಿಯಿತು. ಅರಮನೆಯೊಳಗಿನ ಬಟ್ಟೆ ತನ್ನ ಕೈಗೆ ಸಿಕ್ಕದೆ ಉಳಿದದ್ದಕ್ಕೆ ಅವನು ಮೊದಲ ಸಲ ಸಂತೋಷಪಟ್ಟ. ಮುದುಕಿ ಆಟ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ತಂಗಿ ಹೋದ್ಮೇಲೆ ಆಟಕ್ಕೆ ಕೂತಿದ್ದು ಇವತ್ತೇ. ನಿನ್ನ ನಾಡು ಚೆನ್ನಾಗೈತೆ, ಮಗಾ” ಎಂದಳು. ಮರುದಿನ ಬೀಜಗಳನ್ನು ಅಲ್ಲೇ ಬಿಟ್ಟು ತನ್ನ ದಾರಿ ಹಿಡಿದು ಹೋದಳು. ಅವಳ ಹೆಸರು ಕೇಳುವುದು ಬೊಪ್ಪಣ್ಣನಿಗೆ ಮರೆತೇ ಹೋಗಿತ್ತು.

ಉಪ್ಪಿನ ವ್ಯಾಪಾರಿ ಕೆಮ್ಮಿ, “ನಾನೂ ಒಂದು ಸಲ ಬರಲಾ ನಿಮ್ಮ ನಾಡಿಗೆ?” ಎಂದ. ಬಂದ. ಆಮೇಲೆ ಬೊಪ್ಪಣ್ಣ ಅವನ ನಾಡಿಗೆ ಹೋದ. ಅಲ್ಲಿ ಸಮುದ್ರ ಸಿಹಿಯಾಗಿತ್ತು. ಇಂಥದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಬೊಪ್ಪಣ್ಣನಿಗೆ ಹೊಟ್ಟೆ ಉರಿಯಿತು. ಆದರೆ ಆ ಸಮುದ್ರದ ದಂಡೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಜೋಯಿಸ ಜಾತಕ ಮಡಿಸಿಟ್ಟು ತನ್ನ ಬಟ್ಟೆ ಬಿಚ್ಚಿದ. ಛತ್ರ ಗಲಗಲ ಎನ್ನತೊಡಗಿತು.

ಅರಮನೆಯ ಡಂಗುರದವನು ಬಂದಾಗ ಬೊಪ್ಪಣ್ಣ ಜೋಯಿಸನ ನಾಡಿನ ಒಂದು ಗುಹೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಡಂಗುರದವನು ಗೆದ್ದವರ ಹೆಸರು ಸಾರಿದ. ಅದು ದೂರದ ಊರಿನ ಯಾರದೋ ಹೆಸರು. ಮೂವರಲ್ಲಿ ಒಬ್ಬರದೂ ಅಲ್ಲ.

ಮೂವರಿಗೂ ದುಃಖವಾಯಿತು. ಬೊಪ್ಪಣ್ಣ ಸ್ವಲ್ಪ ಹೊತ್ತು ಅತ್ತ. ಅವನು ಕಣ್ಣೊರೆಸಿಕೊಂಡ ಮೇಲೆ ಜೋಯಿಸ ಮೆಲ್ಲಗೆ ಹೇಳಿದ, “ಗರ ನಿಮ್ಮದು. ಗುಹೆಯಲ್ಲೇ ಇರ್ತೀರೋ, ಹೊರಗೆ ಬರ್ತೀರೋ?”

ಆಟ ಮುಗಿಸಿಕೊಂಡೇ ಮೂವರೂ ಎದ್ದರು. ಛತ್ರದ ಹೊಸ್ತಿಲು ದಾಟಿದ ಬೊಪ್ಪಣ್ಣ ನಿಂತು, ಹಿಂದಿರುಗಿ, ಇಬ್ಬರಿಗೂ ಕೈಮುಗಿದ. ಮುದುಕಿ ಕೂತಿದ್ದ ಖಾಲಿ ಮೆಟ್ಟಿಲಿಗೂ ಕೈಮುಗಿದು, “ನಿಮ್ಮ ಹೊಟ್ಟೆ ತಣ್ಣಗಿರಲಿ” ಎಂದು ಹೇಳಿ ಊರಿಗೆ ನಡೆದ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರೇಶ ಮುಖ ಸಣ್ಣದು ಮಾಡಿದ. “ಅಂದರೆ ಬೊಪ್ಪಣ್ಣ ಸೋತ. ಅಷ್ಟು ಆಸೆಪಟ್ಟು ಕಟ್ಟಿದ ನಾಡಿಗೆ ಬಂದವರು ಯಾರೋ ಒಬ್ಬ ಮುದುಕಿ, ಇಬ್ಬರು ಜೊತೆಗಾರರು. ಅಷ್ಟೇ ತಾನೇ?”

ಗುರುಗಳು ಅವನ ಫೋನಿಗಾಗಿ ಕೈಚಾಚಿದರು. “ನೀನು ಬರೆದದ್ದನ್ನು ಅದರಲ್ಲಿ ತೆರೆದು ಕೊಡು” ಎಂದರು. ಕೊಟ್ರೇಶ ಹಿಂದೆಮುಂದೆ ನೋಡಿ, ಕೊನೆಗೆ ತೆರೆದು ಕೊಟ್ಟ. ಗುರುಗಳು ಕನ್ನಡಕ ಹಾಕಿಕೊಂಡರು. ಫೋನನ್ನು ಎದೆಗೆ ಮುಟ್ಟಿಸಿಕೊಂಡರು.

“ಕೊಟ್ರೇಶನ ನಾಡಿಗೆ ಕಾಲಿಡುತ್ತೇನೆ, ಅಪ್ಪಣೆಯಾಗಲಿ.”

ಕೊಟ್ರೇಶ ಎದ್ದು ಕೈಮುಗಿದು, “ಬನ್ನಿ ಗುರುಗಳೇ” ಎಂದ.