ಹೊಳೆಯತ್ತ ತಿರುಗಿದ ಡೇರೆ

ಅಮೆರಿಕದ ಮೂಲನಿವಾಸಿಗಳಾದ ಕೊಮಾಂಚಿ ಜನರ ಒಂದು ಚಿಕ್ಕ ಪಂಗಡಕ್ಕೆ ಪೂಜ್ಯರಾದ ಹಿರಿಯರೊಬ್ಬರು ನಾಯಕರಾಗಿದ್ದರು. ನಾಯಕರೆಂದರೂ ಅವರಿಗಿದ್ದದ್ದು ತೇಪೆ ಹಾಕಿದ ಚರ್ಮದ ಡೇರೆ, ಒಂದು ಮುದಿ ಕುದುರೆ, ಅಷ್ಟೇ. ಹುಲ್ಲುಗಾವಲಿನಲ್ಲಿ ಅಲೆಯುವ ಆ ಜನರಿಗೆ ಒಂದು ಕಟ್ಟಳೆಯಿತ್ತು. ನಾಯಕರ ಡೇರೆ ಇಳಿಯದೆ ಯಾರೂ ಕದಲಬಾರದು. ಇಳಿದರೆ ಎಲ್ಲರೂ ಅದರ ಹಿಂದೆ ನಡೆಯಬೇಕು.

ಆ ವರ್ಷ ಬೀಡಿಗೆ ಸಿಡುಬು ಬಂತು. ಗುಂಡಿಗೆ ಎದೆಯೊಡ್ಡಿದ ವೀರರೆಲ್ಲ ಸಿಡುಬಿಗೆ ಬೆನ್ನು ತೋರಿಸಲು ತುದಿಗಾಲಲ್ಲಿ ನಿಂತರು. ರೋಗಿಗಳನ್ನು ಹೊಳೆಯಾಚೆಯ ಡೇರೆಯಲ್ಲಿ ಬಿಟ್ಟಿದ್ದರು. ಅಲ್ಲಿಂದ ನೀರು ಕೇಳುವ ದನಿ ಬಂದರೆ ಈಚೆಯ ತಾಯಂದಿರು ಮಕ್ಕಳ ಕಿವಿ ಮುಚ್ಚುತ್ತಿದ್ದರು. ಯಾರಾದರೂ ಹೊಳೆ ದಾಟಿಯಾರೇ ಎಂದು ಹಿರಿಯರು ಮೂರು ದಿನ ಕಾದರು. ಯಾರೂ ದಾಟಲಿಲ್ಲ.

ಯುದ್ಧದಳದ ಮುಂದಾಳು ಬಿಳಿಗೊರಸು ಸಿಟ್ಟಿನಿಂದ ಬಂದ. ಹಿರಿಯರಿಗೆ ಇದೆಯೆಂದು ಜನ ನಂಬಿದ್ದ ದೈವಬಲದಲ್ಲಿ ಅವನಿಗೆ ಎಂದೂ ನಂಬಿಕೆಯಿರಲಿಲ್ಲ.

"ಅಜ್ಜಾ, ನಿಮ್ಮ ದೈವ ಏನು ಮಾಡ್ತಿದೆ? ಡೇರೆ ಇಳಿಸಿ. ಇಲ್ಲಾಂದ್ರೆ ಎಲ್ರೂ ಸಾಯ್ತೀವಿ."

"ಆಚೆ ನಿನ್ನ ಹೆಂಡ್ತಿ ಇದ್ದಾಳಲ್ಲ, ಮಗಾ?"

ಬಿಳಿಗೊರಸು ತಲೆ ತಗ್ಗಿಸಿದ. "ಇದ್ದಾಳೆ. ನಂಗೆ ಭಯ ಆಗ್ತದೆ."

ಹಿರಿಯರು ಡೇರೆ ಇಳಿಸಿದರು. ಬದುಕಿದೆಯಾ ಬಡಜೀವವೇ ಎಂದು ಬೀಡೆಲ್ಲ ಗಂಟುಮೂಟೆ ಕಟ್ಟಿತು. ಆಗ ಹಿರಿಯರು ಡೇರೆಯ ಗಳುಗಳನ್ನು ಹೆಗಲಿಗೇರಿಸಿ ಹೊಳೆಯತ್ತ ತಿರುಗಿದರು. ಜನ ನಿಂತಲ್ಲೇ ನಿಂತರು. ಕಟ್ಟಳೆಯಂತೆ ಅವರೆಲ್ಲ ಆ ಡೇರೆಯ ಹಿಂದೆಯೇ ಹೋಗಬೇಕಿತ್ತು.

"ನೀವು ಉತ್ತರಕ್ಕೆ ಹೋಗಿ. ಇವತ್ತು ಕಟ್ಟಳೆ ನನ್ನೊಬ್ಬನಿಗೇ," ಎಂದರು ಹಿರಿಯರು.

ಗಳುಗಳ ಹಿಂತುದಿ ನೆಲದಲ್ಲಿ ಎಳೆಯುತ್ತಿತ್ತು. ಬಿಳಿಗೊರಸು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಓಡಿಬಂದು ಬಗ್ಗಿ ಹಿಡಿದ.

"ಕೈ ನಡುಗ್ತಿದೆ, ಅಜ್ಜಾ."

"ನಡುಗಲಿ. ಹಿಡಿ."

ಇಬ್ಬರೂ ಹೊಳೆ ದಾಟಿ ರೋಗಿಗಳ ಆರೈಕೆಗೆ ನಿಂತರು. ಅವನ ಹೆಂಡತಿ ಉಳಿದಳು. ಸಿಡುಬು ಅವನಿಗೂ ಹತ್ತಿತು, ಅವನೂ ಉಳಿದ. ಹಿರಿಯರು ಉಳಿಯಲಿಲ್ಲ.

ಸತ್ತವರ ಹೆಸರೆತ್ತುವುದು ಆ ಜನರಲ್ಲಿ ನಿಷಿದ್ಧ. ಹಾಗಾಗಿ ಪಂಗಡದ ನಾಯಕರ ಸಾಲಿನಲ್ಲಿ ಆ ಮಹಾತ್ಮರ ಹೆಸರಿಲ್ಲ, ನನಗೂ ತಿಳಿಯದು. ಅವರ ನಂತರ ಬಿಳಿಗೊರಸರೇ ನಾಯಕರಾದರು. ನಿಮಗಿಂತ ಮೊದಲು ಯಾರಿದ್ದರು ಎಂದು ಮಕ್ಕಳು ಕೇಳಿದರೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಆ ಎಳೆಯ ಬೆರಳುಗಳನ್ನು ಹಿಡಿದು ತಮ್ಮ ಮುಖದ ಸಿಡುಬಿನ ಕಲೆಗಳ ಮೇಲೆ ಇರಿಸಿಕೊಳ್ಳುತ್ತಿದ್ದರು.