ಚೂಪಣ್ಣನ ಪಟ್ಟಿ ಮತ್ತು ಕಪ್ಪೆಗಳ ಸ್ವಾಗತ ಭಾಷಣ

ಬೂದಿಗುಡ್ಡದ ಕಾಡಿನಲ್ಲಿ ಒಂದು ಕೆರೆ. ಕೆರೆಯ ದಂಡೆಯಲ್ಲಿ ಒಂದು ಮುಳ್ಳುಹಂದಿ. ಹೆಸರು ಚೂಪಣ್ಣ. ಮಕ್ಕಳೇ, ಮೈತುಂಬ ಲೇಖನಿ ಹೊತ್ತುಕೊಂಡೇ ಹುಟ್ಟಿದವನಿಗೆ ಬರೆಯುವುದು ಬಿಟ್ಟು ಇನ್ಯಾವ ಕೆಲಸ ಕೊಡುತ್ತಾರೆ ಹೇಳಿ?

ಒಂದು ದಿನ ಕಾಡಿನವರೆಲ್ಲ ಸೇರಿ ಅವನ ಬಳಿ ಬಂದರು.

"ಚೂಪಣ್ಣ, ಕಷ್ಟ ಬಂದಾಗ ಯಾರನ್ನು ಕೂಗಬೇಕೋ ತಿಳಿಯುವುದಿಲ್ಲ. ಯಾವ ಕಷ್ಟಕ್ಕೆ ಯಾರು ಅಂತ ಒಂದು ಪಟ್ಟಿ ಮಾಡಿಕೊಡಪ್ಪ. ತೇಗದ ಎಲೆಯ ಮೇಲೆ ಬರೆದು ಆಲದ ಮರಕ್ಕೆ ತೂಗುಹಾಕೋಣ."

ಚೂಪಣ್ಣ ಎದೆಯುಬ್ಬಿಸಿ ಒಪ್ಪಿಕೊಂಡ. ಬುದ್ಧಿವಂತನೇ. ಆದರೆ ಯಾರಾದರೂ ಸ್ವಲ್ಪ ಠೀವಿ ತೋರಿಸಿದರೆ ಸಾಕು, ಬೆಣ್ಣೆಯ ಹಾಗೆ ಕರಗಿಹೋಗುತ್ತಿದ್ದ.

ಮೊದಲು ಬಂದವರು ಕಪ್ಪೆಗಳು. ಹನ್ನೆರಡು ಜನ, ತಾವರೆ ಎಲೆಯ ದೊಡ್ಡ ಬೋರ್ಡು ಹೊತ್ತುಕೊಂಡು ಸಾಲಾಗಿ ಕುಪ್ಪಳಿಸಿ ಬಂದರು.

"ನಮ್ಮದು ಗುಂಡಿಗೆ ಬಿದ್ದವರ ಸಮಗ್ರ ಉದ್ಧಾರ ಮಹಾಸಂಘ! ನಾನು ಅಧ್ಯಕ್ಷ ವಟರಾಯ. ಇವರು ಉಪಾಧ್ಯಕ್ಷರು, ಇವರು ಕಾರ್ಯದರ್ಶಿ, ಇವರು ಸಹಕಾರ್ಯದರ್ಶಿ. ಆ ಮೂಲೆಯವರಿಗೆ ಇನ್ನೂ ಹುದ್ದೆ ಇಲ್ಲ, ಯೋಚಿಸುತ್ತಿದ್ದೇವೆ" ಎಂದು ವಟರಾಯ ಒದ್ದೆ ಕಾಲನ್ನು ಎಲೆಯ ಮೇಲೆ ಟಪ್ಪೆಂದು ಒತ್ತಿದ. "ಇದು ನಮ್ಮ ಮೊಹರು!"

ಮೊಹರು ಬೇರೆ! ಚೂಪಣ್ಣನಿಗೆ ಕಣ್ಣು ತುಂಬಿ ಬಂತು. ಮೊದಲ ಎಲೆಯ ಮೊದಲ ಸಾಲನ್ನೇ ಕಪ್ಪೆಗಳಿಗೆ ಕೊಟ್ಟುಬಿಟ್ಟ.

ಆಮೇಲೆ ಬಂದವಳು ಹೆಗ್ಗಣ ಗುಂಡವ್ವ. ಮೀಸೆಯ ತುಂಬ ಮಣ್ಣು.

"ಅಣ್ಣಾ, ಗುಂಡಿಗೆ ಬಿದ್ದವರನ್ನ ನಾವೂ ಮೇಲಕ್ಕೆ ತರ್ತೀವಿ. ಪಕ್ಕದಿಂದ ಒಂದು ಇಳಿಜಾರು ತೋಡಿದರೆ ಆಯ್ತು, ಅವರೇ ನಡೆದು ಬರ್ತಾರೆ."

"ಸಂಘದ ಹೆಸರು?"

"ಹೆಸರಾ? ಇಟ್ಟಿಲ್ಲ."

"ಅಧ್ಯಕ್ಷರು?"

"ತೋಡೋವಾಗ ಯಾರು ಮುಂದಿರ್ತಾರೋ ಅವರೇ."

"ಬೋರ್ಡಾದರೂ ಇದೆಯೇ?"

"ಬಿಲದೊಳಗೆ ಕತ್ತಲು ಅಣ್ಣಾ, ಯಾರು ಓದ್ತಾರೆ?"

ಚೂಪಣ್ಣ ಮುಳ್ಳೆಲ್ಲ ಗಲಗಲ ಅನ್ನುವಂತೆ ನಕ್ಕ. "ಹೆಸರೇ ಇಲ್ಲದವರನ್ನು ಎಲ್ಲಿ ಬರೆಯಲಿ ತಾಯಿ? ಮೊದಲು ಒಂದು ಬೋರ್ಡು ಬರೆಸಿಕೊಂಡು ಬಾ."

ಗುಂಡವ್ವ ಒಂದು ಸಲ ಸೀನಿ ಹೊರಟುಹೋದಳು.

ಪಟ್ಟಿ ತೂಗಿದ ಮೂರನೇ ದಿನ ಚೂಪಣ್ಣ ಕೆರೆಯ ಬಳಿ ಕಾಡುಗೆಣಸು ಅಗೆಯುತ್ತಿದ್ದ. ಕಾಲ ಕೆಳಗಿನ ಹಸಿ ಮಣ್ಣು ಕುಸಿದು, ದೊಪ್ಪನೆ ಆಳದ ಗುಂಡಿಗೆ ಬಿದ್ದ. ಹತ್ತಲು ಹೋದರೆ ಮಣ್ಣು ಜಾರುತ್ತದೆ. ಕೆಳಗಿನಿಂದ ಕೆರೆಯ ನೀರು ಜಿನುಗುತ್ತಿದೆ!

ದಾರಿಯಲ್ಲಿದ್ದ ಮೊಲವೊಂದು ಇಣುಕಿ ನೋಡಿತು. "ಅಯ್ಯೋ, ಯಾರನ್ನು ಕರೆಯಲಿ?"

"ಪಟ್ಟಿ ನೋಡು! ಮೊದಲ ಎಲೆ, ಮೊದಲ ಸಾಲು!" ಎಂದು ಚೂಪಣ್ಣ ಹೆಮ್ಮೆಯಿಂದ ಕೂಗಿದ.

ಕಪ್ಪೆಗಳು ಬಂದವು, ಬೋರ್ಡಿನ ಸಮೇತ. ಮೊದಲು ಬೋರ್ಡು ನಿಲ್ಲಿಸಿದವು. ಆಮೇಲೆ ಪ್ರಾರ್ಥನೆ. ನೀರು ಚೂಪಣ್ಣನ ಮೊಣಕಾಲಿಗೆ ಬಂತು. ಕಾರ್ಯದರ್ಶಿಯ ಸ್ವಾಗತ ಭಾಷಣ. ನೀರು ಹೊಟ್ಟೆಗೆ ಬಂತು. ಮುಖ್ಯ ಅತಿಥಿ ಆಮೆಯವರು ಇನ್ನೂ ದಾರಿಯಲ್ಲಿದ್ದಾರೆ ಎಂದು ಹತ್ತು ನಿಮಿಷ ಕಾದವು. ನೀರು ಕುತ್ತಿಗೆಗೆ ಬಂತು.

"ಈಗ ಗುಂಡಿಯಲ್ಲಿರುವ ಗಣ್ಯರು ಎರಡು ಮಾತಾಡಬೇಕೆಂದು ವಿನಂತಿ" ಎಂದ ವಟರಾಯ.

"ಕಾಪಾಡಿ! ಸತ್ತೆ!" ಎಂದು ಚೂಪಣ್ಣ ಕಿರುಚಿದ.

"ಆಹಾ, ಸರಿಯಾಗಿ ಎರಡೇ ಮಾತು!" ಎಂದು ಕಪ್ಪೆಗಳೆಲ್ಲ ಚಪ್ಪಾಳೆ ತಟ್ಟಿದವು.

ಚೂಪಣ್ಣನಿಗೆ ನಿಜಕ್ಕೂ ಅಳು ಬಂತು. ತಾನೇ ಕೈಯಾರೆ ಬರೆದ ಸಾಲು ತನ್ನನ್ನೇ ಮುಳುಗಿಸುತ್ತಿದೆಯಲ್ಲ!

ಅಷ್ಟರಲ್ಲಿ ಪಕ್ಕದ ಗೋಡೆ ಪುಸಕ್ಕನೆ ಬಾಯಿಬಿಟ್ಟಿತು. ಮಣ್ಣು ಮೆತ್ತಿದ ಮೀಸೆಯೊಂದು ಹೊರಬಂತು.

"ಬಿಲಕ್ಕೆಲ್ಲ ನಿನ್ನ ಕೂಗು ಕೇಳಿಸ್ತು ಅಣ್ಣಾ. ಬಾಯಿ ಮುಚ್ಚಿಕೊಂಡು ನನ್ನ ಹಿಂದೆ ಬಾ, ಇಲ್ಲದಿದ್ದರೆ ಮಣ್ಣು ತಿಂತೀಯ" ಎಂದಳು ಗುಂಡವ್ವ.

ಅವಳ ಹಿಂದೆ ಒಂಬತ್ತು ಹೆಗ್ಗಣಗಳು ಸರಸರನೆ ಮಣ್ಣು ಎಳೆದು ಹಾಕುತ್ತಿದ್ದವು. ಚೂಪಣ್ಣ ಇಳಿಜಾರಿನಲ್ಲಿ ತೆವಳಿಕೊಂಡು ಬಿಸಿಲಿಗೆ ಬಂದು ಬಿದ್ದ. ಉಸಿರು ಸುಧಾರಿಸಿಕೊಂಡು ಕೈಮುಗಿಯುವಷ್ಟರಲ್ಲಿ ಹೆಗ್ಗಣಗಳು ಅಲ್ಲಿರಲಿಲ್ಲ. ಅಳಿಲಿನ ಮರಿಯೊಂದು ಪೊಟರೆಯಲ್ಲಿ ಸಿಕ್ಕಿಕೊಂಡಿದೆಯೆಂದು ಆ ಕಡೆ ಓಡಿದ್ದವು.

ಮರುದಿನ ಚೂಪಣ್ಣ ಹೊಸ ಎಲೆ ಹಿಡಿದು ಕುಳಿತ. ವಟರಾಯ ಕುಪ್ಪಳಿಸಿ ಬಂದ. "ನಮ್ಮ ಸಾಲು ಮೊದಲಲ್ಲೇ ಇದೆ ತಾನೆ?"

"ಒಂದೇ ಪ್ರಶ್ನೆ ರಾಯರೇ. ಇದುವರೆಗೆ ಗುಂಡಿಯಿಂದ ಯಾರನ್ನು ಮೇಲೆತ್ತಿದ್ದೀರಿ?"

ವಟರಾಯ ಗಂಟಲು ಉಬ್ಬಿಸಿದ. "ನಿಮ್ಮನ್ನೇ ಎತ್ತುತ್ತಿದ್ದೆವು ಸ್ವಾಮಿ! ಅಧ್ಯಕ್ಷರ ಭಾಷಣವೂ ವಂದನಾರ್ಪಣೆಯೂ ಮಾತ್ರ ಬಾಕಿ ಇತ್ತು. ಅಷ್ಟರಲ್ಲಿ ನೀವೇ ಎದ್ದು ಹೋದಿರಿ!"

ಚೂಪಣ್ಣ ಒಂದು ಮುಳ್ಳು ಕಿತ್ತು ಬರೆದ: "ಗುಂಡಿಗೆ ಬಿದ್ದರೆ ಹೆಗ್ಗಣಗಳು. ಸಂಘಕ್ಕೆ ಹೆಸರಿಲ್ಲ. ಕೂಗಿದರೆ ಬರುತ್ತಾರೆ."

ನೀತಿ: ನೆರವಿಗೆ ಯಾರು ಬರುತ್ತಾರೆಂದು ತಿಳಿಯಲು ಅವರ ಬೋರ್ಡು ನೋಡಬೇಡಿ, ಅವರು ಮಾಡಿದ ಕೆಲಸ ನೋಡಿ.