ಮರೆತಮ್ಮನ ಗುಡ್ಡ

ನೆಗ್ಗಿಹಾಳದಲ್ಲಿ ಬಸ್ಸಿಳಿದು ಪಡುವಣಕ್ಕೆ ತಿರುಗಿದರೆ ಎದುರಿಗೇ ಕಾಣುವುದು ಮರೆತಮ್ಮನ ಗುಡ್ಡ. ಗುಡ್ಡವೆಂದರೆ ಮುಗಿಲು ಮುಟ್ಟುವಂಥದ್ದೇನಲ್ಲ. ಜಾಲಿ, ಕಾರೆ, ಕಳ್ಳಿ ಬೆಳೆದ ಕಲ್ಲುರಾಶಿ. ಅದರ ನೆತ್ತಿಯಲ್ಲಿ ಸೊಂಟದೆತ್ತರದ ಪೊದೆಗಳು ಒಂದಿಷ್ಟಿವೆ. ಕಾಂಡ ಬೂದಿ ಬಣ್ಣದ್ದು, ಬುಡ ಗಡಿಗೆಯಂತೆ ಉಬ್ಬಿದ್ದು. ವರ್ಷದ ಬಹುಪಾಲು ಮೈಮೇಲೆ ಒಂದು ಎಲೆಯೂ ಇಲ್ಲದೆ, ಸತ್ತ ಕಟ್ಟಿಗೆಯೇ ಸರಿ ಎಂಬಂತೆ ನಿಂತಿರುತ್ತವೆ. ಮೊದಲ ಮಳೆ ಬಿದ್ದ ಕೂಡಲೇ ಎಲೆಗಿಂತ ಮುಂಚೆ ಹೂ ಬರುತ್ತದೆ. ಎಸಳು ಹಳದಿ, ಒಳಗೆಲ್ಲ ಕೆಂಪು. ಕಳೆದ ವರ್ಷ ಸಸ್ಯಶಾಸ್ತ್ರಜ್ಞರು ಬಂದು ಹೂ ಕೊಯ್ದು, ಎಸಳು ಅಳೆದು, ಆಫ್ರಿಕದ ಒಣ ಕುರುಚಲು ಕಾಡಿನಲ್ಲಿ ಈಗಷ್ಟೇ ಪತ್ತೆಯಾದ ಹೊಸ ಜಾತಿಯ ಗಿಡ ಇದೇ ಎಂದರು. ಹೊಸ ಜಾತಿಯಂತೆ. ಅದು ಇಲ್ಲಿಗೆ ಹೇಗೆ ಬಂತು ಎಂದು ಅವರಿಗೆ ಮಹದಾಶ್ಚರ್ಯ.

ಕೇಳಿದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಮರೆತಮ್ಮ ಎಂಬುವಳು ದೇವಿಯಲ್ಲ. ಆದರೂ ಪರೀಕ್ಷೆ ಹತ್ತಿರವಾದರೆ ಓದಿದ್ದು ಮರೆಯದಿರಲಿ ಎಂದು ಹುಡುಗರು ಬಂದು ಗುಡ್ಡದ ಮೇಲಿನ ಕಲ್ಲಿಗೆ ಕಾಯಿ ಒಡೆಯುತ್ತಾರೆ. ಪ್ರೀತಿಸಿ ಕೈಸುಟ್ಟುಕೊಂಡವರು ಎಲ್ಲ ಮರೆಯಲಿ ಎಂದು ಬಂದು ಅದೇ ಕಲ್ಲಿಗೆ ಕಾಯಿ ಒಡೆಯುತ್ತಾರೆ. ಆ ತಾಯಿ ಯಾರ ಮಾತು ನಡೆಸಬೇಕು? ಒಬ್ಬರಿಗಾದರೂ ನಿಜಸಂಗತಿ ಬೇಡ.

ಹಿಂದೆ ಒಮ್ಮೆ, ಇಲ್ಲಿ ಕೋಟೆಯಿದ್ದ ಕಾಲದಲ್ಲಿ, ದೇಸಾಯಿಯ ದಂಡಿನಲ್ಲಿ ಕಡಲಾಚೆಯ ಆಫ್ರಿಕದಿಂದ ಬಂದ ಹಬಶಿ ಸವಾರನೊಬ್ಬನಿದ್ದನಂತೆ. ಅವನ ಹೆಂಡತಿಯೂ ಆ ಕಡೆಯವಳೇ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅವಳನ್ನು ಹಿಡಿದು ಹಡಗು ಹತ್ತಿಸಿದ್ದರು. ಹಿಡಿಯುವವರು ಬಂದ ದಿನ ಅವಳ ತಾಯಿ ಒಣಬೀಜ ಪೋಣಿಸಿದ ಸರವೊಂದನ್ನು ಮಗಳ ಕೊರಳಿಗೆ ಹಾಕಿದ್ದಳು ಎನ್ನುತ್ತಾರೆ. ಗಂಡ ಯಾವುದೋ ಕಾಳಗದಲ್ಲಿ ತೀರಿಕೊಂಡ. ಇದ್ದ ಒಬ್ಬಳೇ ಮಗಳು ಜ್ವರ ಬಂದು ಹೋದಳು. ಗುಡ್ಡದ ನೆತ್ತಿಯಲ್ಲಿ ಮಗುವನ್ನು ಮಣ್ಣು ಮಾಡುವಾಗ ಆ ತಾಯಿ ತನ್ನ ಕೊರಳ ಸರವನ್ನು ಮಗಳ ಕೊರಳಿಗೆ ಹಾಕಿ ಮುಚ್ಚಿದಳು. ಮುಂದಿನ ಮಳೆಗೆ ಆ ಮಣ್ಣಿನಿಂದ ಯಾರೂ ಕಾಣದ ಗಿಡವೊಂದು ಎದ್ದಿತು. ಅವಳು ದಿನಾ ಕೊಡ ಹೊತ್ತು ಗುಡ್ಡ ಹತ್ತಿ ಅದಕ್ಕೆ ನೀರೆರೆಯುತ್ತಿದ್ದಳಂತೆ.

ಕೆಲವು ವರ್ಷ ಕಳೆದ ಮೇಲೆ ಹಗೆಗಳ ದಂಡು ಬರುವ ಸುದ್ದಿ ಹಬ್ಬಿತು. ಪೊದೆಗಳ ಮರೆಯಲ್ಲಿ ವೈರಿಗಳು ಅಡಗಬಾರದೆಂದು ದೇಸಾಯಿ ಗುಡ್ಡ ಸವರಲು ಅಪ್ಪಣೆ ಕೊಟ್ಟ. ಸವರುವ ಮುನ್ನ ಹೆಸರು ಕೂಗುವ ಪದ್ಧತಿ ನಮ್ಮೂರದು. ಹಿರಿಯರು ಗುಡ್ಡ ಹತ್ತಿ ಉಳಿಸಬೇಕಾದ ಗಿಡದ ಮುಂದೆ ನಿಂತು ಅದರ ಹೆಸರು ಕೂಗಬೇಕು, ಕೂಗಿದ್ದಕ್ಕೆ ಅರಿಸಿನ ಹಚ್ಚಿ ಬಿಡಬೇಕು. ಹೆಸರಿಲ್ಲದ ಗಿಡಕ್ಕೆ ಕೊಡಲಿ. ಕೂಗಿದ ಹೆಸರು ಅಂದಿನಿಂದ ಗುಡ್ಡದ್ದು. ಅದನ್ನು ಮನುಷ್ಯರು ಇಟ್ಟುಕೊಳ್ಳುವಂತಿಲ್ಲ. ಸುತ್ತಲ ಹಳ್ಳಿಗಳಲ್ಲಿ ಬನ್ನಿ ಮರದ ಹೆಸರು ಹೊತ್ತ ಬನ್ನೆಪ್ಪ ಮನೆಗೊಬ್ಬನಿದ್ದರೂ ನಮ್ಮೂರಲ್ಲಿ ಒಬ್ಬನೂ ಇಲ್ಲದಿರುವುದು ಈ ಕಾರಣಕ್ಕೇ.

ಬನ್ನಿಯನ್ನು ಕೂಗಿದರು, ಬೇವನ್ನು ಕೂಗಿದರು, ನೆತ್ತಿಯ ಗಿಡದ ಮುಂದೆ ಬಂದು ನಿಂತರು. ಅಲ್ಲಿಂದ ಶುರುವಾಯಿತು ನಮ್ಮ ಹಿರಿಯರ ಪಾಂಡಿತ್ಯ. ಹಂಪಣ್ಣಗೌಡ ಅದನ್ನು ಕಂಡಿದ್ದು ಬೇಸಗೆಯಲ್ಲಿ. ಇದು ಎಲೆಯೇ ಬಿಡದ ಒಂದು ಬಗೆಯ ಕಳ್ಳಿ ಎಂದ. ಮದ್ದು ಕೊಡುವ ಅಮಾತೆಪ್ಪ ಕಂಡಿದ್ದು ಮಳೆಗಾಲದ ಕೊನೆಗೆ. ಎಲೆ ತುಂಬಿದ್ದನ್ನು ಕಳ್ಳಿ ಎನ್ನುವವನಿಗೆ ಕಣ್ಣಿಲ್ಲ, ಇದು ಹೂವೇ ಬಿಡದ ಎಕ್ಕದ ಜಾತಿ ಎಂದ. ಗಿಡ ಎದುರಿಗೇ ಇತ್ತು. ಅದನ್ನು ನೋಡುವುದು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿಸಿಲೇರುವವರೆಗೂ ವಾದಿಸಿದರು. ಕೊಡಲಿ ಹಿಡಿದವರು ಬೇಸತ್ತು ಕೂತರು. ಕಡೆಗೆ ಯಾರೋ, ನೀರಿನ ಕೊಡ ಹೊತ್ತು ಬಂದಿದ್ದ ಆ ಹಬಶಿ ಹೆಂಗಸನ್ನು ತೋರಿಸಿ, ಗಿಡ ಅವಳ ಸೀಮೆಯದು, ಅವಳನ್ನೇ ಕೇಳಿ ಎಂದರು.

ಗೌಡ ಕೇಳಿದ, “ತಂಗಿ, ಇದಕ್ಕ ನಿಮ್ಮ ಕಡೆ ಏನಂತಾರ?”

ಅವಳು ಕೊಡ ಇಳಿಸಿ ಗಿಡದ ಹತ್ತಿರ ಬಂದಳು. “ನಮ್ಮವ್ವ ಏನೋ ಅಂತಿದ್ಲು ಗೌಡ್ರ. ಮರತೀನಿ.”

ಕಥೆ ಇಲ್ಲಿಗೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಾಯಿಗೆ ಬಂದದ್ದೊಂದು ಹೇಳಿಬಿಡಬಾರದಿತ್ತೇ ತಾಯಿ? ಆ ಹಬಶಿ ಮಾತು ನಮ್ಮವರಲ್ಲಿ ಯಾರಿಗೆ ತಿಳಿಯುತ್ತಿತ್ತು? ಗೌಡನೂ ಅದನ್ನೇ ಸೂಚಿಸಿದ, ಏನೋ ಒಂದು ಹೇಳು ಎಂದ. ಅವಳು ಒಪ್ಪಲಿಲ್ಲ. ತಾಯಿ ಕರೆದ ಹೆಸರೊಂದಿರುವಾಗ ಅದರ ಜಾಗಕ್ಕೆ ಸುಳ್ಳು ತರಲು ಅವಳಿಗೆ ಮನಸ್ಸು ಬರಲಿಲ್ಲ. ಪದ್ಧತಿ ಮುರಿಯಲು ಗೌಡನಿಗೆ ಧೈರ್ಯ ಬರಲಿಲ್ಲ. ಕೊಡಲಿಯವರು ಎದ್ದರು. ಆಗ ಅವಳು ಗಿಡಕ್ಕೂ ಅವರಿಗೂ ನಡುವೆ ಬಂದು ನಿಂತಳು.

“ನಮ್ಮವ್ವ ನನಗ ಕೊಟ್ಟಿದ್ದು ಎರಡ ರೀ. ಒಂದು ಆ ಬೀಜದ ಸರ, ಇನ್ನೊಂದು ನನ್ನ ಹೆಸರು. ಸರ ಮಗಳಿಗೆ ಕೊಟ್ಟೀನಿ. ಹೆಸರು ಇದಕ್ಕ ಇಡ್ರಿ.”

ಕೂಗಿದರೆ ನಿನಗೆ ಹೆಸರಿರುವುದಿಲ್ಲ ಎಂದು ಗೌಡ ತಿಳಿಹೇಳಿದ. ಗೊತ್ತು ಎಂದಳು. ಹಿರಿಯರು ಅವಳ ಹೆಸರನ್ನು ಗಿಡಕ್ಕೆ ಕೂಗಿದರು, ಅರಿಸಿನ ಹಚ್ಚಿದರು, ಗಿಡ ಉಳಿಯಿತು. ಅಂದಿನಿಂದ ಅವಳನ್ನು ಕರೆಯಲು ಏನಾದರೊಂದು ಬೇಕಾಯಿತಲ್ಲ, ಗಿಡದ ಹೆಸರು ಮರೆತವಳೆಂದು ಮರೆತಮ್ಮ ಎಂದರು. ಅವಳು ಸತ್ತ ಮೇಲೆ ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು, ಗುಡ್ಡ ಮರೆತಮ್ಮನ ಗುಡ್ಡವಾಯಿತು.

ಇನ್ನು ಗಿಡದ ಹೆಸರು ಏನು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಗೊತ್ತಿಲ್ಲ! ಪರದೇಶದ ಹೆಸರು, ನಮ್ಮ ನಾಲಿಗೆ ಹೊರಳಲಿಲ್ಲ. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ‘ಅದೇ, ಆ ಗಿಡ’ ಎನ್ನುವುದು ರೂಢಿಯಾಗಿ ಹೆಸರು ಬಿದ್ದೇಹೋಯಿತು. ಮೂಗಿನ ನೇರಕ್ಕೆ ವಾದ ಮಾಡಲು ಬಂದವರಿಗೆ ಒಂದು ಹೆಸರು ನೆನಪಿಡಲು ಬರಲಿಲ್ಲ. ಎಳೆಯ ವಯಸ್ಸಿನಲ್ಲಿ ಕಡಲು ದಾಟಿಸಲ್ಪಟ್ಟವಳು ಒಂದು ಮಾತು ಮರೆತಳೆಂದು ಗುಡ್ಡಕ್ಕೇ ಆ ಹೆಸರಿಟ್ಟೆವು. ಅವಳು ಕೈಯೆತ್ತಿ ಕೊಟ್ಟದ್ದನ್ನು ಊರಿಗೆ ಊರೇ ಮರೆತು ಸುಮ್ಮನಿದ್ದೇವೆ. ಸಸ್ಯಶಾಸ್ತ್ರಜ್ಞರು ತಮ್ಮ ಗುರುವೊಬ್ಬರ ಹೆಸರನ್ನು ಗಿಡಕ್ಕೆ ಇಟ್ಟಿದ್ದಾರಂತೆ. ಊರವರು ಏನೆನ್ನುತ್ತಾರೆ ಎಂದು ಅವರು ಕೇಳಿದಾಗ ನಾನೂ ‘ಅದೇ, ಆ ಗಿಡ’ ಎಂದೆ.

ಮೊದಲ ಮಳೆಯ ನಂತರ ಬಂದವರು ಈಗಲೂ ಒಂದನ್ನು ನೋಡಬಹುದು. ಕಟ್ಟಿಗೆಗೆ ಹೋಗುವ ನಮ್ಮೂರ ಹೆಂಗಸರು ಹೂ ಬಿಟ್ಟ ಆ ಪೊದೆಯ ಮುಂದೆ ನಿಂತು, ಒಬ್ಬೊಬ್ಬರಾಗಿ ತಮ್ಮ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿ ಮುಂದೆ ಹೋಗುತ್ತಾರೆ. ಇದೇನೆಂದು ನಾನು ಒಮ್ಮೆ ನಮ್ಮ ಓಣಿಯ ದ್ಯಾಮವ್ವನನ್ನು ಕೇಳಿದೆ. ಹೆಸರಿಲ್ಲದ ಗಿಡಕ್ಕೆ ಕೊಡಲಿ ಬೀಳುತ್ತದಲ್ಲ ಎಂದಳು. ಆಮೇಲೆ ಗಿಡದ ಕಡೆ ತಿರುಗಿ, ಅದಕ್ಕೇ ಹೇಳುವಂತೆ ಹೇಳಿದಳು:

“ಆಕೀದು ಸಿಗೂತನಕ ನಂದು ಇಟ್ಕೊ.”